ತಿರುವಿನಾಚೆ ಹತ್ತು ನಿಮಿಷ

ಗೇಟಿನ ಪುಸ್ತಕದಲ್ಲಿ ಹೆಸರು ಬರೆಯುವಾಗ ಸೋಯ್ಲಾಳ ಕೈ ಒಂದು ಕ್ಷಣ ನಿಂತಿತು. ಅವಳಿಗಿಂತ ನಾಲ್ಕು ಸಾಲು ಮೇಲೆ, ಶಾಲೆಯ ಮಕ್ಕಳು ಬರೆಯುವಂಥ ದುಂಡಗಿನ ಅಕ್ಷರದಲ್ಲಿ, ಹೆರ್ಮಿನಿಯಾ ಎಂಬ ಹೆಸರಿತ್ತು; ಅದರ ಎದುರಿಗೆ ಗಂಟೆ, ಏಳೂವರೆ. ಬಂದಿದ್ದಾಳೆ. ಇವತ್ತೊಂದು ದಿನ ಅವಳು ಬರದಿರಲಿ, ನೆಗಡಿಯಾಗಲಿ, ಬಸ್ಸು ತಪ್ಪಲಿ ಎಂದು ಕೆಳಗಿನ ಕ್ವೆಂಕ ಊರಿನಿಂದ ಇಲ್ಲಿಯವರೆಗೂ ಬಸ್ಸಿನ ಕಿಟಕಿಗೆ ಹಣೆಯಾನಿಸಿ ಹಾರೈಸಿಕೊಂಡು ಬಂದಿದ್ದವಳಿಗೆ, ಆ ಹೆಸರು ಕಂಡದ್ದೇ ಬೇರೆಯದೇ ಏನೋ ಆಯಿತು. ಹಲ್ಲು ಕೀಳಿಸಿಕೊಳ್ಳಲು ಹೋದವಳು ಕುರ್ಚಿಯಲ್ಲಿ ಕೂತ ಮೇಲೆ ಇನ್ನು ಎದ್ದು ಹೋಗುವಂತಿಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಾಳಲ್ಲ, ಹಾಗೆ. ಇವತ್ತು ಹೇಳಿಬಿಡುವುದೇ ಸೈ. ಅವಳು ಪೆನ್ನನ್ನು ಒತ್ತಿ ಹಿಡಿದು ಹೆಸರು ಬರೆದಳು. ಎಲ್ಲರೂ ಗೌರವದಿಂದ ದೋನ್ ಎನ್ನುವ ಕಾವಲುಗಾರ ಲೌತಾರೊ ಕಾಫಿ ಲೋಟದಿಂದ ಮುಖ ಎತ್ತಿ, "ಏನ್ ದೋನ್ಯಾ ಸೋಯ್ಲಾ, ಹಾಳೆ ಹರಿಯೋ ಹಾಗೆ ಬರೀತೀರಲ್ಲ! ಇದೇನು ನಿಮ್ಮ ನೋಟರಿ ಆಫೀಸಿನ ಪತ್ರಾನಾ?" ಎಂದ. ಆಮೇಲೆ, "ಮೇಲೆ ಮೋಡ ಕವಿದಿದೆ. ಸರೋವರ ಕಾಣಲ್ಲ ಇವತ್ತು, ಸುಮ್ನೆ ದಂಡ," ಎಂದು ಸೇರಿಸಿದ. "ನಾನೇನು ಸರೋವರ ನೋಡಕ್ಕೆ ಬಂದಿಲ್ಲ ಬಿಡಿ," ಎಂದಳು ಸೋಯ್ಲಾ. ದನಿ ತಾನಂದುಕೊಂಡದ್ದಕ್ಕಿಂತ ಗಡುಸಾಗಿ ಬಂತು.

ಹನ್ನೊಂದು ವರ್ಷದಿಂದ, ಅಮ್ಮ ತೀರಿಕೊಂಡ ಮರುತಿಂಗಳಿನಿಂದ, ಅವಳು ಭಾನುವಾರ ತಪ್ಪದೆ ಈ ಯಾನಪಂಪ ಉದ್ಯಾನಕ್ಕೆ ಬರುತ್ತಿದ್ದಾಳೆ. ಉದ್ಯಾನ ಎಂದು ಬೋರ್ಡಿನಲ್ಲಿ ಬರೆದಿರುವುದು ಅಷ್ಟೇ. ಹೂವಿನ ಪಾತಿಯಿಲ್ಲ, ಬೆಂಚಿಲ್ಲ. ಮೊದಲು ಕಾಗದದಂತೆ ಸಿಪ್ಪೆ ಸುಲಿಯುವ ಕೆಂಪು ಮರಗಳ ಕಾಡು, ಅದು ದಾಟಿದರೆ ಆಕಾಶದವರೆಗೂ ಬರೀ ಒರಟು ಹುಲ್ಲು, ಗಾಳಿ, ಚಳಿ, ಎಲ್ಲಕ್ಕೂ ಮೇಲೆ ಕಪ್ಪು ಸರೋವರ. ಇಲ್ಲಿ ನಡೆಯುವವರಿಗೆ ಒಂದು ಮರ್ಯಾದೆ ಇದೆ. ಎದುರು ಸಿಕ್ಕವರಿಗೆಲ್ಲ ಶುಭದಿನ ಹೇಳಬೇಕು. ಕೆಳಗೆ ಊರಿನಲ್ಲಿ ಮುಖ ತಿರುಗಿಸಿಕೊಂಡು ಹೋಗುವ ವಕೀಲನೂ ಇಲ್ಲಿ ಟೋಪಿ ಎತ್ತುತ್ತಾನೆ. ಹತ್ತುವವರು ಇಳಿಯುವವರನ್ನು, ವೆಸಿನಾ, ನೆರೆಯವಳೇ, ಇನ್ನೆಷ್ಟು ದೂರ ಎಂದು ಕೇಳಬೇಕು. ಇಳಿಯುವವರು, ಇಲ್ಲೇ, ಇನ್ನೇನು ಬಂದೇಬಿಟ್ಟಿತು ಅನ್ನಬೇಕು. ದಾರಿ ಅರ್ಧ ಗಂಟೆಯದಿರಲಿ, ಮೂರು ಗಂಟೆಯದಿರಲಿ, ಉತ್ತರ ಅದೇ. ಕೇಳಿದವನಿಗೂ ಗೊತ್ತು, ಹೇಳಿದವನಿಗೂ ಗೊತ್ತು. ಕೇಳಿದವನು ದೇವರು ಒಳ್ಳೇದು ಮಾಡಲಿ ಎಂದು ಹೇಳಿ ಮತ್ತೆ ಕಾಲು ಎತ್ತುತ್ತಾನೆ. ಹಾಗಲ್ಲದೆ ನಿಜ ಹೇಳಿದರೆ ಏನಾಗುತ್ತದೆಂದು ಸೋಯ್ಲಾಗೆ ಈ ಐದು ವಾರದಲ್ಲಿ ಚೆನ್ನಾಗಿ ಗೊತ್ತಾಗಿದೆ. ಹೋದ ಭಾನುವಾರ ಒಬ್ಬ ಹುಡುಗ, ಜೊತೆಗೆ ಹೊಸ ಬೂಟಿನಲ್ಲಿ ಕಾಲು ಎಳೆಯುತ್ತಿದ್ದ ಅವನ ಹುಡುಗಿ, ಕೇಳಿದರು. "ಒಂದು ಗಂಟೆ ನಲವತ್ತು ನಿಮಿಷ. ಕೊನೇದಂತೂ ಕಡಿದಾದ ಏರು," ಎಂದಳು ಇವಳು. ಹುಡುಗಿ ಅಲ್ಲೇ ಕುಕ್ಕರಿಸಿ ಗಳಗಳ ಅತ್ತುಬಿಟ್ಟಳು. "ಏನಮ್ಮಾ ನೀವು, ಬೆಳಿಗ್ಗೆ ಬೆಳಿಗ್ಗೆ ಶಾಪ ಹಾಕ್ತೀರಾ? ಬಾಯಲ್ಲಿ ಒಂದು ಒಳ್ಳೇ ಮಾತೇ ಬರಲ್ವಾ?" ಎಂದು ಹುಡುಗ ಬೈದ. ಹಿಂದೆ ಬರುತ್ತಿದ್ದವರು ಸೋಯ್ಲಾಳನ್ನು ಕನಿಕರದಿಂದ ನೋಡಿದರು, ಗಂಡ ಬಿಟ್ಟವಳೋ ಏನೋ ಪಾಪ ಎಂಬಂತೆ. ಗಂಡನೇ ಇರಲಿಲ್ಲವಲ್ಲ ಎಂದು ಅವರಿಗೆ ಹೇಳಬೇಕೆನಿಸಿ, ಹೇಳದೆ ಇಳಿದು ಬಂದಿದ್ದಳು.

ಕಾಡಿನೊಳಗೆ ಮೊದಲ ಏರು. ಬೇರುಗಳ ಮೇಲೆ ಹೆಜ್ಜೆಯಿಡುತ್ತ, ಉಸಿರು ಎಣಿಸುತ್ತ ನಡೆಯುವುದು ಅವಳಿಗೆ ಅಪ್ಪ ಕಲಿಸಿದ್ದು. ಅಜ್ಜಿಯ ಊರಿಗೆ ಬಸ್ಸಿರಲಿಲ್ಲ; ಎಂಟು ಗಂಟೆ ನಡಿಗೆ. ಆರು ವರ್ಷದ ಸೋಯ್ಲಾ ಹತ್ತು ಹೆಜ್ಜೆಗೊಮ್ಮೆ ಬಂತಾ ಅಪ್ಪಾ ಅನ್ನುವಳು. ಅಪ್ಪ ಮುಂದೆ ಕೈ ತೋರಿಸಿ, "ಅಗೋ ಕಂದಾ, ಆ ನೀಲಗಿರಿ ಮರ ದಾಟಿದ್ರೆ ಬಂತು," ಅನ್ನುವನು. ಮರ ದಾಟಿದ ಮೇಲೆ ಇನ್ನೊಂದು ಮರ. ಆಮೇಲೆ ಒಂದು ಹಳ್ಳ. ಆಮೇಲೆ ಯಾರದೋ ಬೇಲಿ. ಹೀಗೆ ಸಣ್ಣ ಸಣ್ಣ ಸುಳ್ಳುಗಳ ಮೇಲೆ ಕಾಲಿಡಿಸುತ್ತ ಅಪ್ಪ ಅವಳನ್ನು ಅಜ್ಜಿಯ ಮನೆ ಮುಟ್ಟಿಸುತ್ತಿದ್ದ. ಅಜ್ಜಿ ಬಿಸಿ ಬಿಸಿ ಬೇಯಿಸಿದ ಜೋಳವನ್ನೂ ಗಿಣ್ಣಿನ ತುಂಡನ್ನೂ ಮಡಿಲಿಗೆ ಹಾಕುತ್ತಿದ್ದಳು. ಅಪ್ಪ ನಿಜ ಹೇಳಿದ್ದರೆ ತಾನು ಮನೆಯ ಹೊಸ್ತಿಲನ್ನೇ ದಾಟುತ್ತಿರಲಿಲ್ಲ. ಅದು ಸುಳ್ಳೇ ಅಲ್ಲ, ಪ್ರೀತಿ, ಎಂದು ಈ ಐದು ವಾರದಲ್ಲಿ ಸೋಯ್ಲಾ ತನಗೆ ತಾನೇ ಎಷ್ಟು ಸಲ ವಾದ ಹೂಡಿದ್ದಾಳೋ. ಆಸ್ಪತ್ರೆಯಲ್ಲಿ ಅಮ್ಮ ಮನೆಗೆ ಯಾವಾಗ ಕರ್ಕೊಂಡು ಹೋಗ್ತೀಯೇ ಅಂದಾಗ, ನಾಳೆ ಅಮ್ಮಾ, ನಾಳೇನೇ, ಎಂದಳಲ್ಲ, ಹದಿನೇಳು ದಿನ ದಿನವೂ ಎಂದಳಲ್ಲ, ಅದೂ ಪ್ರೀತಿಯೇ. ಆದರೆ ನೋಟರಿ ಕಚೇರಿಯ ಕಿಟಕಿಯ ಹಿಂದೆ ಕೂತು, ಬೆಳಗಿನಿಂದ ಬಿಸಿಲಲ್ಲಿ ನಿಂತ ರೈತನಿಗೆ, ಇನ್ನು ಹತ್ತೇ ನಿಮಿಷ, ಕೂತ್ಕೊಳ್ಳಿ, ಅನ್ನುವುದು? ಅದು ಪ್ರೀತಿಯಲ್ಲ. ಅದು ಅವನ ಬಾಯಿ ಮುಚ್ಚಿಸುವ ಉಪಾಯ. ಸಂಖ್ಯೆ ಕೇಳಿದೊಡನೆ ಜನ ಸುಮ್ಮನಾಗುತ್ತಾರೆ ಎಂಬುದನ್ನು ಇಪ್ಪತ್ತಾರು ವರ್ಷದ ಕೆಲಸ ಅವಳಿಗೆ ಕಲಿಸಿತ್ತು.

ಕಾಡು ಮುಗಿಯುವಲ್ಲಿ ತಿರುವು ಬಂತು, ತಿರುವಿನಲ್ಲಿ ಆ ಚಪ್ಪಟೆ ಕಲ್ಲು. ಎರಡು ತಿಂಗಳ ಹಿಂದಿನ ಭಾನುವಾರ ಒಬ್ಬ ಗಂಡಸು ಅದರ ಮೇಲೆ ಕೂತಿದ್ದ, ಬಿಳಿ ಹುಲ್ಲಿನ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು. ಬಾಯಿ ಸ್ವಲ್ಪ ತೆರೆದಿತ್ತು. ಹೆಂಡತಿ ನಿಂತಿದ್ದಳು, ತೆಳು ಸ್ವೆಟರಿನಲ್ಲಿ, ಬೆಟ್ಟದ ಚಳಿ ಗೊತ್ತಿಲ್ಲದವರ ಹಾಗೆ. ಗಾಳಿ ಜೋರಾಗಿದ್ದರಿಂದ ಸೋಯ್ಲಾ ಸ್ಕಾರ್ಫನ್ನು ಮೂಗಿನವರೆಗೂ ಸುತ್ತಿಕೊಂಡು ದಡದಡ ಇಳಿಯುತ್ತಿದ್ದಳು. ಕೈಗಡಿಯಾರದಲ್ಲಿ ಹನ್ನೆರಡು ಇಪ್ಪತ್ತು. ಒಂದು ಗಂಟೆಯ ಬಸ್ಸು ತಪ್ಪಿದರೆ ಮುಂದಿನದು ಮೂರಕ್ಕೆ. "ಅಮ್ಮಾ, ಸರೋವರಕ್ಕೆ ಇನ್ನೂ ಎಷ್ಟು ದೂರ ಇದೆ?" ಎಂದು ಹೆಂಡತಿ ಕೇಳಿದ್ದಳು. ಕರಾವಳಿಯ ಮಾತು, ಅರ್ಧ ಅಕ್ಷರ ನುಂಗಿ ಉಳಿದರ್ಧವನ್ನು ಗಟ್ಟಿಯಾಗಿ ಹೇಳುವ ಮಾತು. ಸೋಯ್ಲಾ ನಿಲ್ಲದೆಯೇ, "ಇಲ್ಲೇ, ತಿರುವು ದಾಟಿದ್ರೆ," ಎಂದಳು. ಹೆಂಗಸು ಬಿಡಲಿಲ್ಲ. "ಅಂದ್ರೆ ಎಷ್ಟು? ಸರಿಯಾಗಿ ಹೇಳಿ, ಇವರಿಗೆ ಎದೆ ಸ್ವಲ್ಪ ಸರಿಯಿಲ್ಲ." ಆಗ ಸೋಯ್ಲಾ, ಕಚೇರಿಯ ಕಿಟಕಿಯ ಹಿಂದಿನ ಸೋಯ್ಲಾ, "ಹತ್ತು ನಿಮಿಷ," ಎಂದಳು. ಆ ಹೆಂಗಸಿನ ಮುಖ ಅರಳಿದ್ದು ಕಂಡಿತ್ತು. ಗಂಡ ಮಾತ್ರ ಸೋಯ್ಲಾಳನ್ನು ನೋಡಿ ಸಣ್ಣಗೆ ನಕ್ಕ. ಬೆಟ್ಟದವರು ಬೆಟ್ಟದವರನ್ನು ನೋಡಿ ನಗುವ ನಗು. ಆ ನಗು ಅವಳಿಗೆ ಅರ್ಥವಾಗಿತ್ತು, ಆದರೂ ಇಳಿದು ಹೋದಳು.

ಎರಡು ವಾರದ ಮೇಲೆ ಶಿಲುಬೆ ಕಂಡಿತು. ದಾರಿಯ ಪಕ್ಕದಲ್ಲಿ, ಮಂಡಿಯೆತ್ತರದ್ದು, ನೀಲಿ ಬಣ್ಣ ಬಳಿದದ್ದು. ಹೆನಾರೊ ಎಂಬ ಹೆಸರು, ತಾರೀಕು. ಆ ತಾರೀಕನ್ನು ನೋಡಿ ಮೊದಲು ಅವಳಿಗೆ ಏನೂ ಅನ್ನಿಸಲಿಲ್ಲ. ಹತ್ತು ಹೆಜ್ಜೆ ಮುಂದೆ ಹೋದ ಮೇಲೆ ಕಾಲು ತಾನಾಗಿ ನಿಂತಿತು: ಕಲ್ಲಿನ ಮೇಲೆ ಕೂತವನನ್ನು ಕಂಡ ಭಾನುವಾರದ ತಾರೀಕು ಅದು. ಅವಳು ತಿರುವಿನ ಕಲ್ಲಿನವರೆಗೂ ವಾಪಸು ಇಳಿದು, ಅಲ್ಲಿಂದ ಗಡಿಯಾರ ನೋಡಿಕೊಂಡು, ಎದೆ ನೋಯುವವನು ನಡೆಯುವ ಹಾಗೆ ನಿಧಾನವಾಗಿ ಮತ್ತೆ ಹತ್ತಿದಳು. ನಲವತ್ತು ನಿಮಿಷ. ಅವಳ ಹತ್ತು ನಿಮಿಷದೊಳಗೆ ಅವನು ನಲವತ್ತು ನಿಮಿಷ ನಡೆದಿದ್ದ. ಪ್ರತಿ ತಿರುವಿನಲ್ಲೂ ಇದೇ ಇರಬೇಕು ಎಂದುಕೊಂಡನೋ, ಇಲ್ಲ, ಅವನಿಗೆ ಗೊತ್ತಿತ್ತು, ನಕ್ಕಿದ್ದನಲ್ಲ. ಹಾಗಾದರೆ ಯಾಕೆ ಎದ್ದ?  ಮರುವಾರದಿಂದ ಹೆಂಡತಿ ಬರತೊಡಗಿದಳು, ಒಬ್ಬಳೇ, ಹೂವು ಹಿಡಿದುಕೊಂಡು; ಹೆಸರು ಹೆರ್ಮಿನಿಯಾ ಎಂದು ಗೇಟಿನ ಪುಸ್ತಕದಿಂದ ತಿಳಿಯಿತು. ನಾಲ್ಕು ಭಾನುವಾರ ಸೋಯ್ಲಾ ಅವಳ ಪಕ್ಕದಲ್ಲೇ ಹಾದುಹೋಗಿದ್ದಾಳೆ, ಸ್ಕಾರ್ಫಿನೊಳಗಿಂದ ತಲೆ ಬಗ್ಗಿಸಿ ಅಷ್ಟೇ. ಬಾಯಿ ಬಿಟ್ಟು ಶುಭದಿನ ಹೇಳಲು ಧೈರ್ಯವಿಲ್ಲ. ತನ್ನ ಮುಖ ಆ ಹೆಂಗಸು ನೋಡಿಲ್ಲ, ಆದರೆ ದನಿ ಕೇಳಿದ್ದಾಳೆ. ಈ ದಾರಿಯಲ್ಲಿ ಮಾತಾಡದೆ ಹೋಗುವುದು ಉಗಿದು ಹೋದಂತೆಯೇ; ಆ ಹೆಂಗಸು ಪ್ರತಿ ಸಲವೂ ಇವಳ ಬೆನ್ನಿಗೆ, "ನಿಮಗೂ ಒಳ್ಳೇದಾಗಲಿ ತಾಯಿ," ಎಂದು ಕೂಗಿ ಹೇಳುತ್ತಿದ್ದಳು. ಅದರಲ್ಲಿ ಕೊಂಕು ಇತ್ತೋ, ಇಲ್ಲವೋ. ಅದನ್ನು ವಾರವಿಡೀ ಕಚೇರಿಯಲ್ಲಿ ಕಾಗದಕ್ಕೆ ಸೀಲು ಹೊಡೆಯುತ್ತ ಯೋಚಿಸುತ್ತಿದ್ದಳು ಸೋಯ್ಲಾ, ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿತ್ತು.

ಇವತ್ತು ಹೇಳುವುದು. ಮರದ ಸೇತುವೆ ದಾಟಿದಳು. ಏನೆಂದು ಹೇಳುವುದು ಎಂದು ಯೋಚಿಸಬಾರದು. ಯೋಚಿಸಿದರೆ ವಾಕ್ಯಗಳು ತಯಾರಾಗುತ್ತವೆ, ತಯಾರಾದ ವಾಕ್ಯಗಳೆಲ್ಲ ಕೊನೆಗೆ ತನ್ನ ಪರವಾಗಿಯೇ ಮಾತಾಡುತ್ತವೆ. ಇಪ್ಪತ್ತಾರು ವರ್ಷ ಬೇರೆಯವರ ಹೇಳಿಕೆಗಳನ್ನು ಬರೆದುಕೊಂಡವಳಿಗೆ ಅದು ಗೊತ್ತು. ಹುಲ್ಲಿನ ಮೇಲೆ ಮಂಜು ಇಳಿದಿತ್ತು. ಉಸಿರು ಎಣಿಸುವುದು, ಹೆಜ್ಜೆಯಿಡುವುದು, ಅಷ್ಟೇ. ಒಂದು ಕಡೆ ದಾರಿ ಎರಡಾಗಿ, ಎಡಕ್ಕೆ ಹೋದರೆ ಶಿಲುಬೆಯನ್ನು ಬಳಸಿ ಮೇಲೆ ಹೋಗಬಹುದಿತ್ತು. ಅವಳ ಕಾಲು ಎಡಕ್ಕೆ ಒಂದು ಹೆಜ್ಜೆ ಹಾಕಿಯೂ ಹಾಕಿತು. ಥೂ, ಎಂದಳು ಗಟ್ಟಿಯಾಗಿ, ಯಾರಿಗೋ ಅಂದಂತೆ, ಬಲಕ್ಕೆ ತಿರುಗಿದಳು. ಮಂಜಿನೊಳಗೆ ಕೆಂಪು ಸ್ವೆಟರು ಕಾಣಿಸಿತು.

ಹೆರ್ಮಿನಿಯಾ ಮಂಡಿಯೂರಿ ಕೂತು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಾರ್ನೇಷನ್ ಹೂಗಳನ್ನು ನಿಲ್ಲಿಸುತ್ತಿದ್ದಳು. ಗಾಳಿ ಅವನ್ನು ಕೆಡವುತ್ತಿತ್ತು, ಅವಳು ಮತ್ತೆ ನಿಲ್ಲಿಸುತ್ತಿದ್ದಳು. ಸೋಯ್ಲಾ ಸ್ಕಾರ್ಫನ್ನು ಗಲ್ಲದ ಕೆಳಗೆ ಎಳೆದುಕೊಂಡಳು.

"ಡಬ್ಬಿಯೊಳಗೆ ಕಲ್ಲು ಹಾಕಿದ್ರೆ ನಿಲ್ಲುತ್ತೆ," ಎಂದಳು.

ಹೆರ್ಮಿನಿಯಾಳ ಕೈ ನಿಂತಿತು. ಅವಳು ತಿರುಗಿ ನೋಡಲಿಲ್ಲ. "ಇನ್ನೊಂದು ಸಲ ಮಾತಾಡಿ," ಎಂದಳು.

"ಏನು ಮಾತಾಡಲಿ?"

"ಏನಾದ್ರೂ. ಎಷ್ಟು ದೂರ ಅಂತ ಹೇಳಿ."

"ನಾನೇ," ಎಂದಳು ಸೋಯ್ಲಾ. "ಕೆಳಗೆ ಆ ಕಲ್ಲಿನ ಹತ್ರ ಹತ್ತು ನಿಮಿಷ ಅಂತ ಹೇಳಿದೋಳು ನಾನೇ."

ಹೆರ್ಮಿನಿಯಾ ಎದ್ದಳು. ಹೊಡೆಯುತ್ತಾಳೆ ಎಂದುಕೊಂಡು ಸೋಯ್ಲಾ ಕೈ ಇಳಿಬಿಟ್ಟು ನಿಂತಳು. ಹೊಡೆದರೆ ಒಳ್ಳೆಯದು, ಅದರಿಂದ ಏನೋ ಒಂದು ಮುಗಿಯುತ್ತದೆ ಎಂದೂ ಅನ್ನಿಸಿತು. ಆದರೆ ಆ ಹೆಂಗಸು ಮಾಡಿದ್ದೇ ಬೇರೆ. ಹತ್ತಿರ ಬಂದು, ಮಣ್ಣು ಮೆತ್ತಿದ ಕೈಯಲ್ಲಿ ಸೋಯ್ಲಾಳ ತೋಳನ್ನು ಹಿಡಿದು, ತರಕಾರಿ ಹಿಚುಕಿ ನೋಡುವ ಹಾಗೆ ಎರಡು ಸಲ ಗಟ್ಟಿಯಾಗಿ ಹಿಚುಕಿದಳು.

"ಹಾಗಾದ್ರೆ ನೀನು ಇದ್ದೀಯ," ಎಂದಳು. "ನಿಜವಾಗ್ಲೂ ಇದ್ದೀಯ."

ಆಮೇಲೆ ಅವಳು ನಿಂತಲ್ಲೇ ಅಳತೊಡಗಿದಳು, ಬಾಯಿ ತೆರೆದು, ಮುಖ ಮುಚ್ಚಿಕೊಳ್ಳದೆ. ಅಳುವಿನ ನಡುವೆಯೇ ಹೇಳಿದಳು. ಕರಾವಳಿಯವರಿಗೆ ಅಳುವಾಗಲೂ ಮಾತು ನಿಲ್ಲುವುದಿಲ್ಲ. "ಯಾರೂ ನಂಬಲ್ಲ ಕಣೇ! ಅತ್ತೆ ನಂಬಲ್ಲ, ನಾದಿನೀರು ನಂಬಲ್ಲ. ಹೆಂಗಸೂ ಇರಲಿಲ್ಲ ಏನೂ ಇರಲಿಲ್ಲ, ನೀನೇ ಹಟ ಮಾಡಿ ಎಳ್ಕೊಂಡು ಹೋದೆ, ಕೊಂದೆ, ಅಂತಾರೆ. ನಮ್ಮ ಹೆನಾರೊ ಬೆಟ್ಟದಲ್ಲೇ ಹುಟ್ಟಿ ಬೆಳೆದೋನು, ಇಲ್ಲೇ ಅಂದ್ರೆ ಎಷ್ಟು ದೂರ ಅಂತ ಅವನಿಗೆ ಗೊತ್ತಿಲ್ವಾ, ಅವನು ಮೋಸ ಹೋಗ್ತಾನಾ, ಅಂತಾರೆ. ಅವನು ಮೋಸ ಹೋಗ್ಲಿಲ್ಲ. ಇವರೆಲ್ಲ ಹೀಗೇ ಹೇಳೋದು ಹೆರ್ಮಿ, ಬಾ ವಾಪಸ್ ಹೋಗೋಣ, ಅಂದ. ನಾನೇ, ಹತ್ತು ಅಂದಿದ್ದಾರೆ ಕಣ್ರೀ, ಲೆಕ್ಕ ಹೇಳಿದ್ದಾರೆ, ಆ ದನಿ ಸುಳ್ಳು ಹೇಳೋ ದನಿ ಅಲ್ಲ, ಅಂದೆ. ನನಗೋಸ್ಕರ ಎದ್ದ. ಇನ್ನೇನು ಬಂತು ಬಂತು ಅಂತ ನಾನೇ ಕೈ ಹಿಡ್ಕೊಂಡು..." ಅವಳು ನಿಲ್ಲಿಸಿದಳು. ಕಣ್ಣು ಒರೆಸಿಕೊಂಡು ಸೋಯ್ಲಾಳನ್ನು ದಿಟ್ಟಿಸಿದಳು. "ನಾಲ್ಕು ವಾರದಿಂದ ತಲೆ ಬಗ್ಸಿ ಹೋಗ್ತಿದ್ದೋಳು ನೀನೇ ಅಲ್ವಾ? ಎಲ್ಲಾ ಗೊತ್ತಿದ್ದೂ?"

"ಹೌದು."

"ಎರಡು ತಿಂಗಳಿಂದ ನಾನು ಮನೇಲಿ ಕೊಲೆಗಾತಿ ಥರ ಬದುಕ್ತಿದ್ದೀನಿ. ನೀನು ಇಲ್ಲಿ ವಾಕಿಂಗ್ ಮಾಡ್ಕೊಂಡಿದ್ದೀಯ."

 ಸುಳ್ಳು ಹೇಳಿದ್ದೇ ತನ್ನ ತಪ್ಪು ಎಂದು ಇಷ್ಟು ದಿನ ಅದನ್ನೇ ತಿರುವಿ ಮುರುವಿ ನೋಡುತ್ತಿದ್ದವಳಿಗೆ, ಬಾಯಿ ಮುಚ್ಚಿಕೊಂಡು ಹಾದುಹೋದ ಈ ನಾಲ್ಕು ಭಾನುವಾರಗಳು ಅದಕ್ಕಿಂತ ದೊಡ್ಡದಾಗಿ ಎದ್ದು ನಿಂತದ್ದು ಈಗ ಕಾಣಿಸಿತು. ಎಂಥ ಹೆಂಗಸು ನಾನು, ಎಂದುಕೊಂಡಳು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದರೆ, "ಹುರಿದುಂಬಿಸೋಕೆ ಅಂತ ಹಾಗಂದೆ," ಎಂಬ ಮಾತು ಬಂತು. ಅದು ತಯಾರಾದ ವಾಕ್ಯವೇ. ಬೇಡವೆಂದುಕೊಂಡದ್ದೇ ಎಲ್ಲಿಂದಲೋ ತಯಾರಾಗಿ ಬಂದುಬಿಟ್ಟಿತ್ತು. ಹೆರ್ಮಿನಿಯಾ ಅದನ್ನು ಕೇಳಿಸಿಕೊಂಡಂತೆಯೂ ಕಾಣಲಿಲ್ಲ. ಡಬ್ಬಿಯೊಳಗೆ ಮೂರು ಕಲ್ಲು ಹಾಕಿದಳು, ಹೂವು ನಿಲ್ಲಿಸಿದಳು, ಶಿಲುಬೆಯ ನೆತ್ತಿ ಮುಟ್ಟಿದಳು.

"ನಡಿ," ಎಂದಳು.

"ಎಲ್ಲಿಗೆ?"

"ಮನೆಗೆ. ನನಗೆ ಹೇಳಿ ಏನು ಬಂತು? ನನಗೆ ಗೊತ್ತಿದ್ದದ್ದೇ ಅಲ್ವಾ. ಅತ್ತೆಗೆ ಹೇಳು."

ಇದನ್ನು ಸೋಯ್ಲಾ ಯೋಚಿಸಿರಲಿಲ್ಲ. ಬೆಟ್ಟದ ಮೇಲೆ, ಮಂಜಿನಲ್ಲಿ, ಇಬ್ಬರೇ ಇರುವಾಗ ಹೇಳುವುದು, ಅಳುವುದು, ಆಮೇಲೆ ಹಗುರಾಗಿ ಬಸ್ಸು ಹತ್ತುವುದು. ಅವಳ ನಿರ್ಧಾರವೆಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅದರಾಚೆಗೆ ಒಂದು ಮನೆ, ಒಂದು ಬಾಗಿಲು, ಮಗನನ್ನು ಕಳೆದುಕೊಂಡ ಮುದುಕಿ ಇರಬಹುದೆಂದು ಅವಳ ತಲೆಗೇ ಹೊಳೆದಿರಲಿಲ್ಲ.  ಆದರೂ ಅವಳು ಹೆರ್ಮಿನಿಯಾಳ ಖಾಲಿ ಚೀಲವನ್ನು ತಾನೇ ಎತ್ತಿಕೊಂಡು ಮುಂದೆ ಹೊರಟಳು. ಹಿಂದೆ ನಡೆದರೆ ಎಲ್ಲಿ ತಪ್ಪಿಸಿಕೊಂಡೇನೋ ಎಂದು ಅವಳಿಗೆ ತನ್ನ ಮೇಲೇ ನಂಬಿಕೆ ಇರಲಿಲ್ಲ.

ಇಬ್ಬರೂ ಇಳಿದರು. ತಿರುವಿನ ಹತ್ತಿರ ಒಂದು ಸಂಸಾರ ಎದುರಾಯಿತು, ದಪ್ಪನೆಯ ಯಜಮಾನ, ಹೆಂಡತಿ, ಗಿಟಾರು ಹೊತ್ತ ಭಾವಮೈದುನ. ಯಜಮಾನ ಏದುಸಿರು ಬಿಡುತ್ತ, "ಇನ್ನೆಷ್ಟು ದೂರ ವೆಸಿನಾ? ಬಂತು ಅಂತ ಹೇಳಿ, ಪುಣ್ಯ ಬರುತ್ತೆ," ಎಂದ. ಸೋಯ್ಲಾ ಬಾಯಿ ತೆರೆಯುವುದರೊಳಗೆ ಹಿಂದಿನಿಂದ ಹೆರ್ಮಿನಿಯಾ, "ಒಂದೂವರೆ ಗಂಟೆ. ಎದೆ ನೋಯ್ತಿದ್ರೆ ಇಲ್ಲಿಂದಲೇ ವಾಪಸ್ ಹೋಗಿ," ಎಂದಳು. ಯಜಮಾನನ ಮುಖ ಬಾಡಿತು. "ಇದ್ಯಾವ ಊರಿನ ಹೆಂಗಸ್ರಪ್ಪಾ, ಎಳ್ಳಷ್ಟೂ ದಯೆ ಇಲ್ಲ," ಎಂದು ಭಾವಮೈದುನ ಗೊಣಗಿದ್ದು ಕೇಳಿಸಿತು. ಇನ್ನೊಂದು ದಿನವಾಗಿದ್ದರೆ ಸೋಯ್ಲಾಗೆ ನಗು ಬರುತ್ತಿತ್ತು.

ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತರು. ಹೆರ್ಮಿನಿಯಾ ಕಿಟಕಿಯ ಕಡೆ, ಸೋಯ್ಲಾ ದಾರಿಯ ಕಡೆ. ಇಳಿದು ಓಡಬೇಕೆಂದರೆ ಓಡಬಹುದಾದ ಜಾಗ. ನೋಟರಿ ಕಚೇರಿಯ ನಿಲ್ದಾಣ ಬಂತು. ಅಲ್ಲಿಂದ ಅವಳ ಕೋಣೆಗೆ ನಾಲ್ಕೇ ಹೆಜ್ಜೆ, ಒಲೆಯ ಮೇಲೆ ನಿನ್ನೆಯ ಸಾರು ಇದೆ. ಡ್ರೈವರ್ ಅವಳ ಗುರುತಿನವನು, ಕನ್ನಡಿಯಲ್ಲಿ ನೋಡಿ, "ಇಳಿಯಲ್ವಾ ದೋನ್ಯಾ?" ಎಂದ. "ಇಲ್ಲಪ್ಪ, ಇವತ್ತು ಮುಂದೆ ಹೋಗೋದಿದೆ," ಎಂದಳು. ಬಾಗಿಲು ಹಾಕಿಕೊಂಡಿತು. ಹೆರ್ಮಿನಿಯಾ ಅವಳ ಕಡೆ ತಿರುಗಿ ನೋಡಿದಳು. 

ಟೋಪಿ ಮಾಡುವವರ ಬೀದಿ ಅದು. ಹುಲ್ಲನ್ನು ಬಿಳಿಮಾಡಲು ಹೊಗೆ ಹಾಕುವ ಗಂಧಕದ ವಾಸನೆ ಗೋಡೆಗಳಿಗೇ ಅಂಟಿಕೊಂಡಿತ್ತು. ಮೂವತ್ತು ವರ್ಷ ಈ ಹೊಗೆ ಕುಡಿದೇ ಅವನ ಎದೆ ಹಾಳಾಗಿದ್ದು, ಎಂದು ಹೆರ್ಮಿನಿಯಾ ಬಾಗಿಲು ತೆಗೆಯುತ್ತ ಹೇಳಿದಳು, ದಾರಿಯುದ್ದಕ್ಕೂ ಸೋಯ್ಲಾಳೊಂದಿಗೆ ಆಡಿದ ಮೊದಲ ಮಾತು. ಅಂಗಳದಲ್ಲಿ ಮುದುಕಿ ಕೂತಿದ್ದಳು, ತ್ರಾನ್ಸಿತೊ, ಎರಡು ಬಿಳಿ ಜಡೆ, ಕಪ್ಪು ಶಾಲು, ಮಡಿಲಲ್ಲಿ ಅವರೆಯಂಥ ದಪ್ಪ ಕಾಳು ಬಿಡಿಸುವ ಬುಟ್ಟಿ. ಸೊಸೆ ಒಳಗೆ ಬಂದರೂ ತಲೆಯೆತ್ತಲಿಲ್ಲ. ಅಪರಿಚಿತ ಬೂಟು ಕಂಡ ಮೇಲೆ ಎತ್ತಿದಳು.

"ಅತ್ತೇ, ಆ ಹೆಂಗಸು," ಎಂದಳು ಹೆರ್ಮಿನಿಯಾ. ಅಷ್ಟೇ ಹೇಳಿ ಗೋಡೆಗೆ ಒರಗಿ ನಿಂತಳು.

"ಯಾವ ಹೆಂಗಸು?"

"ಅಮ್ಮಾ," ಎಂದಳು ಸೋಯ್ಲಾ, "ಯಾನಪಂಪದಲ್ಲಿ ನಿಮ್ಮ ಮಗ ಸುಸ್ತಾಗಿ ಕೂತಿದ್ರು. ನಾನು ಇಳಿದು ಬರ್ತಿದ್ದೆ. ನಿಮ್ಮ ಸೊಸೆ ದೂರ ಎಷ್ಟು ಅಂತ ಕೇಳಿದ್ರು. ಸ್ವಲ್ಪ ಧೈರ್ಯ ಬರ್ಲಿ ಅಂತ, ಇಲ್ಲೇ, ಅಂದೆ."

"ಇಲ್ಲೇ ಅನ್ನೋದು ಎಲ್ಲರೂ ಅನ್ನೋದೇ. ನಾನೂ ಅಂದಿದ್ದೀನಿ ಸಾವಿರ ಸಲ. ಅದಕ್ಕೆ ಯಾರೂ ಸಾಯಲ್ಲ." ಮುದುಕಿ ಕಾಳು ಬಿಡಿಸುತ್ತಲೇ ಇದ್ದಳು. "ಇವಳು ನಿನಗೆ ಎಲ್ಲಿ ಸಿಕ್ಕಿದ್ಲು? ಹೀಗೆ ಹೇಳು ಅಂತ ಕರ್ಕೊಂಡು ಬಂದ್ಲಾ?"

"ಹತ್ತು ನಿಮಿಷ ಅಂದೆ ಅಮ್ಮಾ. ನಿಜಕ್ಕೂ ಇದ್ದದ್ದು ಒಂದೂವರೆ ಗಂಟೆ."

ಮುದುಕಿಯ ಬೆರಳು ನಿಂತಿತು. "ಹತ್ತು ಅಂದ್ಯಾ? ಹತ್ತು ಅಂತ ಬಾಯಿ ಬಿಟ್ಟು ಹೇಳಿದ್ಯಾ?"

"ಹೌದು."

"ಹಾಗೆ ಯಾರೂ ಹೇಳಲ್ವಲ್ಲ." ಅವಳಿಗೆ ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚಾದಂತಿತ್ತು. "ಇಲ್ಲೇ ಅನ್ನಬೇಕು. ಲೆಕ್ಕ ಯಾರು ಹೇಳ್ತಾರೆ? ಈ ಕರಾವಳಿಯೋಳು ನಂಬದೆ ಇನ್ನೇನು ಮಾಡ್ತಾಳೆ? ಯಾಕೆ ಹಾಗಂದೆ?"

ಸೋಯ್ಲಾ ಗೋಡೆಯ ಕಡೆ ನೋಡಿದಳು. ಸಾಲಾಗಿ ತೂಗುಹಾಕಿದ ಟೋಪಿಗಳು, ಹೆನಾರೊ ಅಚ್ಚಿಗೆ ಒತ್ತದೆ ಹಾಗೇ ಉಳಿದವು, ಅಂಚು ಸುರುಟಿಕೊಂಡಿದ್ದವು. ಧೈರ್ಯ ಬರಲಿ ಅಂತ ಎಂದು ಇನ್ನೊಮ್ಮೆ ಹೇಳಬಹುದಿತ್ತು. ಮುದುಕಿ ಒಪ್ಪಿಕೊಳ್ಳಲೂಬಹುದಿತ್ತು.

"ಬಸ್ಸಿಗೆ ಹೊತ್ತಾಗಿತ್ತು," ಎಂದಳು. "ಇವರು ಮತ್ತೆ ಮತ್ತೆ ಕೇಳ್ತಿದ್ರು. ಒಂದು ಲೆಕ್ಕ ಹೇಳಿದ್ರೆ ಸುಮ್ಮನಾಗ್ತಾರೆ ಅಂತ."

ಗೋಡೆಗೊರಗಿದ್ದ ಹೆರ್ಮಿನಿಯಾ ನೆಟ್ಟಗಾದಳು. ಅವಳಿಗೂ ಇದು ಹೊಸ ವಿಷಯ.

"ಎದೆ ಸರಿಯಿಲ್ಲ ಅಂತ ಇವಳು ಹೇಳಿದ್ಲಾ?" ಎಂದು ಮುದುಕಿ ಕೇಳಿದಳು.

"ಹೇಳಿದ್ರು."

"ಕೇಳಿಸ್ತಾ ನಿನಗೆ?"

"ಕೇಳಿಸ್ತು."

"ಯಾವ ಬಸ್ಸು?"

"ಒಂದು ಗಂಟೆಯದು."

"ಸಿಕ್ತಾ?"

"ಸಿಕ್ತು ಅಮ್ಮಾ."

"ಕೂರೋಕೆ ಜಾಗ ಸಿಕ್ತಾ?"

"ಸಿಕ್ತು. ಕಿಟಕಿ ಪಕ್ಕ."

ಮುದುಕಿ ಇನ್ನೊಂದು ಕಾಳು ಬಿಡಿಸಿ ಬುಟ್ಟಿಗೆ ಹಾಕಿದಳು. ಪಕ್ಕದ ಮನೆಯಲ್ಲಿ ಯಾರೋ ರೇಡಿಯೋದ ಜೊತೆ ತಾವೂ ಹಾಡುತ್ತಿದ್ದರು.  ಹನ್ನೊಂದು ವರ್ಷದ ಭಾನುವಾರಗಳು, ಎದುರಾದವರಿಗೆಲ್ಲ ಹೇಳಿದ ಶುಭದಿನಗಳು, ಒಳ್ಳೆಯವಳೆಂದು ತಾನು ತನ್ನ ಬಗ್ಗೆ ಇಟ್ಟುಕೊಂಡಿದ್ದ ಅಷ್ಟೂ ಗೌರವ, ಎಲ್ಲ ಆ ಅಂಗಳದಲ್ಲಿ ಕಾಳಿನ ಸಿಪ್ಪೆಯ ಜೊತೆ ಬಿದ್ದಿತ್ತು. ಆದರೆ ಅವಳು ತಲೆ ಬಗ್ಗಿಸಲಿಲ್ಲ. ತಲೆ ಬಗ್ಗಿಸಿ ಹೋಗುವುದನ್ನು ನಾಲ್ಕು ಭಾನುವಾರ ಮಾಡಿ ಆಗಿತ್ತು.

ಕೊನೆಗೆ ಮುದುಕಿ ಬುಟ್ಟಿಯನ್ನು ಕೆಳಗಿಟ್ಟಳು. ನೆಲಕ್ಕೆ ಕೈಯೂರಿ ಎದ್ದಳು. ಹೆರ್ಮಿನಿಯಾ ಹಿಡಿಯಲು ಬಂದಾಗ ಕೊಡವಿಕೊಳ್ಳಲಿಲ್ಲ. "ನನ್ನ ಶಾಲು ಸರಿಮಾಡು, ಜಾರ್ತಿದೆ," ಎಂದಳು ಸೊಸೆಗೆ. ಹೆರ್ಮಿನಿಯಾ ಶಾಲನ್ನು ಹೆಗಲಿಗೆ ಎಳೆದು ಪಿನ್ನು ಹಾಕಿದಳು. ಅದು ಎರಡು ಸಲ ತಪ್ಪಿತು, ಮುದುಕಿ ಕಾದಳು.

"ಮಣ್ಣು ಮಾಡಿದ ದಿನ ಇವಳನ್ನ ಎಲ್ಲರ ಮುಂದೆ ಬೈದಿದ್ದೀನಿ," ಎಂದಳು ತ್ರಾನ್ಸಿತೊ, ಸೋಯ್ಲಾಳ ಕಡೆ ನೋಡದೆ. "ಹಿರೀ ಮಗಳು ಇದೇ ಬೀದಿ ತುದೀಲಿದ್ದಾಳೆ. ಕಿರಿಯೋಳು ಮಾರ್ಕೆಟ್ ಹತ್ರ. ಆಮೇಲೆ ಹೆನಾರೊ ಕೆಲಸ ಮಾಡ್ತಿದ್ದ ಅಂಗಡಿಯೋರು. ನಡೀತೀಯಾ?"

"ನಡೀತೀನಿ," ಎಂದಳು ಸೋಯ್ಲಾ.

"ಬಸ್ಸಿಗೆ ಹೊತ್ತಾಗಲ್ವಾ?"

"ಇಲ್ಲ ಅಮ್ಮಾ."

ಮೂವರೂ ಬೀದಿಗೆ ಬಂದರು. ಮುದುಕಿ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಸೊಸೆಯ ತೋಳು ಹಿಡಿದು ಮುಂದೆ. ಸೋಯ್ಲಾ ಒಂದು ಹೆಜ್ಜೆ ಹಿಂದೆ. ಭಾನುವಾರದ ಮಧ್ಯಾಹ್ನ, ಬಾಗಿಲಲ್ಲಿ ಕೂತು ಟೋಪಿ ಹೆಣೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು, ಅತ್ತೆ ಸೊಸೆ ಜೊತೆಯಾಗಿ ಹೋಗುವುದನ್ನು. ಬೀದಿಯ ಏರು ಏನೂ ಹೆಚ್ಚಿರಲಿಲ್ಲ. ಆದರೂ ಮುದುಕಿ ಎರಡು ಕಡೆ ನಿಂತು ಉಸಿರೆಳೆದುಕೊಂಡಳು, ಅವಳು ನಿಂತಾಗ ಅವರೂ ನಿಂತರು. ಹಸಿರು ಬಾಗಿಲು ಬಂತು. ಮುದುಕಿ ಕೋಲಿನಿಂದ ಮೂರು ಸಲ ಬಡಿದಳು. ಒಳಗೆ ಚಪ್ಪಲಿ ಸದ್ದಾಯಿತು, ಬಾಗಿಲು ತೆರೆಯಿತು, ಕೈಯಲ್ಲಿ ಸೌಟು ಹಿಡಿದ ಹೆಂಗಸೊಬ್ಬಳು ಅಮ್ಮನನ್ನೂ ಅತ್ತಿಗೆಯನ್ನೂ ಒಟ್ಟಿಗೆ ಕಂಡು ಬೆಪ್ಪಾಗಿ ನಿಂತಳು. ತ್ರಾನ್ಸಿತೊ ಪಕ್ಕಕ್ಕೆ ಸರಿದು, ಸೋಯ್ಲಾಳ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳಿದಳು.

"ಹೇಳು," ಎಂದಳು.

ಈ ಸಲ ಸೋಯ್ಲಾ ತನಗೆ ಬಸ್ಸಿಗೆ ಹೊತ್ತಾಗಿತ್ತು ಎಂಬಲ್ಲಿಂದಲೇ ಶುರುಮಾಡಿದಳು.